ಶಾಲೆಯ ಗೇಟಿನಲ್ಲಿ ನಾನು ಹೇಳಿದ್ದು

ಗುರುವಾರ, ಕನ್ನಡಕದ ಅಂಗಡಿಯಲ್ಲಿ, ಊಟದ ಬಿಡುವು

ನನ್ನ ಮುದ್ದಿನ ಗುಂಗುರುತಲೆಯವಳೇ,

ಹೇಗಿದ್ದೀಯೆ ಎಂದು ಕೇಳುವುದಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಚೆನ್ನಾಗಿದ್ದೀನಿ ಎಂದು ಒಂದೇ ಮಾತಿಗೆ ಮುಗಿಸುತ್ತೀಯೆ. ಭಾನುವಾರ ನಮ್ಮ ಹೆಂಗಸರ ಕೂಟಕ್ಕೆ ಬರುತ್ತೀಯಂತೆ. ಕೂಟ ನಡೆಸುವ ಭೂಗೋಳದ ಟೀಚರ್ ನಿನ್ನನ್ನು ಕರೆದಿರುವುದು ನನಗೆ ನಿನ್ನೆಯಷ್ಟೇ ಗೊತ್ತಾಯಿತು. ಬರುವ ಮೊದಲು ಒಂದು ವಿಷಯ ತಿಳಿದುಕೊ. ಅಲ್ಲಿ ನಾನು ನಿನ್ನ ಬಗ್ಗೆ ಒಂದು ಸುಳ್ಳು ಹೇಳಿದ್ದೇನೆ.

ಕೂಟ ನಡೆಯುವುದು ಗ್ರಂಥಾಲಯದ ಮಹಡಿಯಲ್ಲಿ. ಹನ್ನೆರಡು ಕುರ್ಚಿ, ಅದರಲ್ಲಿ ಕುಂಟುವುದು ಯಾವಾಗಲೂ ನನ್ನ ಪಾಲಿಗೆ. ತಾನು ಯಾವ ಜನಾಂಗದವಳು, ತನ್ನ ಬಣ್ಣ, ಕೂದಲು ನೋಡಿ ಲೋಕ ಏನೆಂದಿತು ಎಂದು ಒಬ್ಬೊಬ್ಬಳೇ ಹೇಳಬೇಕು. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ‘ಕೇಳಿದೆವು’ ಎನ್ನುತ್ತೇವೆ. ಆಮೇಲೆ ಆ ಕಥೆಯನ್ನು ಯಾರೂ ತಿದ್ದುವಂತಿಲ್ಲ, ಹೇಳಿದವಳು ಕೂಡ. ಹಾಗೆಲ್ಲ ಏನೂ ಆಗಿರಲಿಲ್ಲ ಬಿಡು ಎಂದು ಜೀವನವಿಡೀ ಅನ್ನಿಸಿಕೊಂಡವರು ಅಲ್ಲಿಗೆ ಬರುವವರು. ಆದ್ದರಿಂದ ಈ ನಿಯಮ.

ನಿನ್ನ ಮೌನ ಅರ್ಥವಾದೀತೇನೋ ಎಂದು ಹೋಗತೊಡಗಿದೆ. ಬಿಳಿ ಚರ್ಮದ ನನಗೇನು ಕಥೆ ಎಂದುಕೊಂಡು ಎರಡು ವಾರ ಬಾಯಿ ಬಿಡಲಿಲ್ಲ. ಮೂರನೆಯ ವಾರ ಸರದಿ ಬಂದೇಬಂತು. ನೀನು ನಿನ್ನಪ್ಪನ ಕಪ್ಪು ಬಣ್ಣ, ನಿನ್ನಪ್ಪನ ಕೂದಲು ಹೊತ್ತು ಹುಟ್ಟಿದೆ, ನಮ್ಮ ಕಡೆಯಿಂದ ಬಂದದ್ದು ಈ ಮೊಂಡು ಮೂಗು ಒಂದೇ ಎಂದೆ. ಎಲ್ಲರೂ ನಕ್ಕರು. ನಿನಗೆ ಆರು ವರ್ಷ, ಶಾಲೆಯ ಮೊದಲ ದಿನ. ಅಪ್ಪ ರೈಲು ಓಡಿಸಲು ಹೋಗಿದ್ದರು. ಗೇಟಿನಲ್ಲಿ ಇನ್ನೊಂದು ಮಗುವಿನ ತಾಯಿ, ಈ ಮಗೂನ ಎಷ್ಟು ದಿನದಿಂದ ನೋಡ್ಕೊಳ್ತಿದ್ದೀರ ಅಂತ ಕೇಳಿದಳು. ನಾನು ನಿನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಇವಳು ನನ್ನ ಹೊಟ್ಟೇಲಿ ಹುಟ್ಟಿದ ಮಗಳು ಕಣಮ್ಮಾ ಅಂದೆ. ಹೀಗೆಂದು ಕೂಟದಲ್ಲಿ ಹೇಳಿದೆ. ಎಲ್ಲರೂ ಅತ್ತರು, ನಾನೂ ಅತ್ತೆ. ‘ಕೇಳಿದೆವು’ ಎಂದರು.

ಅವತ್ತು ನಾನು ಅವಳಿಗೆ ನಿಜವಾಗಿ ಕೊಟ್ಟ ಉತ್ತರ: ‘ಹೋದ ತಿಂಗಳಿಂದ ನೋಡ್ಕೊಳ್ತಿದ್ದೀನಿ.’

ನೀನು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದೆ. ನಿನಗೆ ಕೇಳಿಸಲಿಲ್ಲ ಎಂದು ಇಪ್ಪತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ. ಕೂಟದಲ್ಲಿ ಒಬ್ಬಳು ನರ್ಸ್ ಇದ್ದಾಳೆ. ಅವಳ ಮಗುವೂ ನಿನ್ನ ಹಾಗೆಯೇ, ತಾಯಿಯ ಬಣ್ಣದ್ದಲ್ಲ. ಸೋಮವಾರ ಕನ್ನಡಕ ಸಡಿಲವಾಗಿದೆ ಎಂದು ಅಂಗಡಿಗೆ ಬಂದಳು. ಯಾರ ಮಗು ಅಂತ ಯಾರು ಕೇಳಿದ್ರೂ ಸುಮ್ನೆ ನಕ್ಕುಬಿಡ್ತಿದ್ದೆ ಅಕ್ಕಾ, ನಿನ್ನೆ ಬಸ್ಸಲ್ಲಿ ನಿಮ್ಮ ಕಥೆ ನೆನಪಾಗಿ, ನನ್ನ ಮಗಳೇ ಅಂತ ಜೋರಾಗಿ ಹೇಳ್ಬಿಟ್ಟೆ ಅಂದಳು. ನಾನು ತಲೆ ಎತ್ತದೆ ಸ್ಕ್ರೂ ತಿರುಗಿಸಿದೆ, ಅದರ ಥ್ರೆಡ್ ಸವೆದುಹೋಗುವ ತನಕ.

ಈಗ ಭಾನುವಾರದ ದೊಡ್ಡ ಸಭೆಯಲ್ಲಿ, ನಿನ್ನನ್ನು ಪಕ್ಕದಲ್ಲಿ ಕೂರಿಸಿ ನನ್ನಿಂದ ಅದೇ ಕಥೆ ಹೇಳಿಸುತ್ತಾರಂತೆ. ನಿನ್ನೆ ಟೀಚರ್ ಮನೆಗೇ ಹೋಗಿ ನನ್ನ ಕಥೇಲಿ ತಪ್ಪಿದೆ ಅಂದೆ. ಹೇಳಿದ ಕಥೆ ತಿದ್ದೋ ಹಾಗಿಲ್ಲ, ನಿಮಗೆ ಸಂಕೋಚ ಜಾಸ್ತಿ ಅಂತ ಬೆನ್ನು ತಟ್ಟಿ ಕಳಿಸಿದರು. ಗಟ್ಟಿಯಾಗಿ ಹೇಳಬಹುದಿತ್ತು, ಹೇಳಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡು ನನ್ನದು. ಎದುರಿಗೆ ಆ ನರ್ಸ್ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರೆ ನಿಜ ಹೊರಡುವುದಿಲ್ಲ. ಪಕ್ಕದಲ್ಲಿ ನೀನು ಕೂತಿದ್ದರೆ ಸುಳ್ಳು ಹೊರಡುವುದಿಲ್ಲ. ಬಾ ಎನ್ನಲೂ ಬೇಡ ಎನ್ನಲೂ ನನಗೆ ಬಾಯಿಲ್ಲ. ಭಯವಾಗುತ್ತಿದೆ ಮಗಳೇ. ಏನು ಮಾಡಬೇಕೆಂದು ನಿಜಕ್ಕೂ ತೋಚುತ್ತಿಲ್ಲ.

ಊಟದ ಹೊತ್ತು ಮುಗಿಯಿತು, ಗಿರಾಕಿಗಳು ಬಂದಿದ್ದಾರೆ.

ಇಂತಿ,
ನಿನ್ನ ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ನಿನಗೆ ಕೇಳಿಸಿತ್ತು. ಅವತ್ತು ಸಂಜೆ ನೀನು ಕೈ ತೊಳೆಯುತ್ತ, ಅಮ್ಮಾ, ನಾಳೆ ಗೇಟ್ ಹತ್ರ ನಿನ್ನನ್ನ ಆಂಟಿ ಅನ್ಬೇಕಾ ಅಂತ ಕೇಳಿದೆ. ನಾನು ಹ್ಞೂಂ ಅಂದೆ. ಎರಡು ವರ್ಷ ಗೇಟಿನಲ್ಲಿ ನೀನು ನನ್ನನ್ನು ಹಾಗೇ ಕರೆದೆ, ಒಂದು ದಿನವೂ ತಪ್ಪಲಿಲ್ಲ.