ಏಕಾಂತಮ್ಮ ಕೊಡದ ಕಾದಂಬರಿ

ಧರ್ಮಪುರ, ೨೧-೨-೧೯೯೪, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಕೂಲಿಕಾರರ ಸಂಘಟನೆ ಮನೆಮನೆಗೆ ಓದಲು ಹಂಚುವ ಪುಸ್ತಕದ ಟ್ರಂಕಿನಲ್ಲಿ ಇನ್ನು ಮೇಲೆ ಕಾದಂಬರಿ ಬೇಡವಂತೆ, ಕರಪತ್ರ ಸಾಕಂತೆ; ಸಭೆಯಲ್ಲಿ ಗೊತ್ತುವಳಿಯೇ ಆಗಿದೆ. ಹಂಚಿದ್ದನ್ನು ವಾಪಸು ತರಲು ಹೋದೆವು. ಏಕಾಂತಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಅಕ್ಷರ ಬಾರದವಳು, ನಾವು ಕೊಟ್ಟ ಕಾದಂಬರಿಯನ್ನು ಮಗಳು ದಿನಾ ಓದಿ ಹೇಳುತ್ತಾಳೆ.

"ಕತೆ ಕೇಳಿದ್ರೆ ಕೂಲಿ ಹೆಚ್ಚಾಗ್ತೈತಾ? ಹೊಟ್ಟೆ ತುಂಬಿದೋರ ಚಟ ಅದು" ಎಂದ ನನ್ನ ಜೊತೆ ಬಂದಿದ್ದ ನಮ್ಮ ಸಂಘಟನೆಯ ಪ್ರಸನ್ನಕುಮಾರ್.

ಅವಳು ಪುಸ್ತಕದ ಮೇಲೆ ಮೊರ ಕವುಚಿದಳು. "ನಿಮ್ಮ ಕರಪತ್ರದಾಗೆ ನಾವೆಲ್ಲ ಬರೀ ಕೂಲಿಯೋರು ಕಣಪ್ಪ. ಇದ್ರಾಗೆ ಆಕೆ ಗಂಡನ ಮನೆ ಬಿಟ್ಟು ಬಸ್‌ಸ್ಟ್ಯಾಂಡ್‌ನಾಗೆ ಕುಂತವಳೆ. ಮುಂದೇನಾದ್ಲು ಅಂತ ಹೇಳಿ ತಗಂಡೋಗು."

ಅವನಿಗೆಲ್ಲಿ ಗೊತ್ತು? ಓದಿದ್ದರೆ ತಾನೇ! ಒಬ್ಬ ಹೆಣ್ಣುಮಗಳಿಗೆ ಮುಂದೇನಾಯಿತು ಎಂದು ಕೇಳಬೇಕೆನ್ನಿಸದವನು ಎಂಥ ಚಳವಳಿ ಕಟ್ಟುತ್ತಾನೆ?

ಥೂ, ಈ ಗೊತ್ತುವಳಿಗೆ ನಾನೂ ಕೈ ಎತ್ತಿದ್ದೆ. ನಾಳೆ ಅದನ್ನು ಹರಿದು ಹಾಕಿಸದಿದ್ದರೆ ಆ ಅಂಗಳಕ್ಕೆ ಮತ್ತೆ ಕಾಲಿಡುವ ಮುಖ ನನಗಿಲ್ಲ.