ಟಯರಿಗೊಂದು ಪಂಜರ

ಜೂನ್ 3, ಮಂಗಳವಾರ, ಬೆಳಿಗ್ಗೆ 8.40

ಗ್ರೀಸ್ ಗನ್ ತುಂಬಿಸಿಟ್ಟೆ. ಎರಡು ಟ್ರ್ಯಾಕ್ಟರ್ ತೊಳೆದೆ. ಕಳಮಶ್ಶೇರಿಯ ಈ ವರ್ಕ್‌ಶಾಪಿಗೆ ಬಂದು ಐದು ತಿಂಗಳು. ಡಿಪ್ಲೊಮಾ ಇದೆ, ಟ್ರೈನಿಂಗ್ ಮುಗಿದಿದೆ — ಟಯರ್ ಮಾತ್ರ ಮುಟ್ಟುವ ಹಾಗಿಲ್ಲ. ಫೋರ್‌ಮನ್ ವಿಲ್ಸಣ್ಣ ಮಂಗಳೂರಿನವರು, ಇಪ್ಪತ್ತಾರು ವರ್ಷದಿಂದ ಇಲ್ಲೇ. ಕಾಸರಗೋಡಿನ ಪೆರ್ಲದಿಂದ ಬಂದವಳೆಂದು ಮೊದಲ ದಿನ ಚಹಾ ಕೊಡಿಸಿದ್ದರು. ಟಯರ್ ವಿಷಯ ಬಂದರೆ ಮಾತ್ರ — “ಅದು ನಿನ್ನಿಂದ ಆಗ್ಲಿಕ್ಕಿಲ್ಲ ಊರ್ಮಿಳಾ, ಸುಮ್ಮನಿರು ಮಾರಾಯ್ತಿ.”

ಮಧ್ಯಾಹ್ನ 1.15

ರಿಪೇರಿಗೆ ಬಂದದ್ದು ಟ್ರೇಲರ್ ಚಕ್ರ. ಅದರ ಟಯರನ್ನು ಹಿಡಿದಿಡುವುದು ಒಂದು ಉಕ್ಕಿನ ಬಳೆ — ಲಾಕ್ ರಿಂಗ್. ಸರಿಯಾಗಿ ಕೂರದಿದ್ದರೆ ಗಾಳಿಯ ಒತ್ತಡಕ್ಕೆ ಕಿತ್ತು ಹಾರುತ್ತದೆ. ವಿಲ್ಸಣ್ಣ ಅದರ ಎದುರಿಗೇ ಕುಕ್ಕರಗಾಲಲ್ಲಿ ಕೂತು, ಗಾಳಿ ತುಂಬುತ್ತಿರುವಾಗಲೇ ಸುತ್ತಿಗೆಯಿಂದ ರಿಂಗ್ ಬಡಿಯುತ್ತಿದ್ದರು!

“ಗಾಳಿ ಇರುವಾಗ ಬಡೀಬೇಡಿ ವಿಲ್ಸಣ್ಣ. ಉಕ್ಕಿನ ಪೈಪಿನ ಕೇಜಿನೊಳಗೆ ಇಟ್ಟು ತುಂಬಿಸ್ಬೇಕು.”

“ಪಂಜರ ಗಿಳಿಗೆ. ಟಯರಿಗೆ ಎಂತಕ್ಕೆ?”

ಎಲ್ಲರೂ ನಕ್ಕರು.

ಜೂನ್ 5

ಕೇಜ್ ಬೇಕೆಂದು ಮ್ಯಾನೇಜರ್ ಉಪೇಂದ್ರ ಸರ್‌ಗೆ ಹೇಳಿದೆ. ಮೈಸೂರಿನವರು, ಮಾತು ನಿಧಾನ. “ಆರ್ಡರ್ ಮಾಡಿದ್ರೆ ಬರೋಕೆ ಮೂರು ತಿಂಗಳು ಕಣಮ್ಮ. ಹಿಂದೆ ದಪ್ಪ ಪೈಪ್ ಬಿದ್ದಿದೆ. ನೀನೇ ಮಾಡ್ತೀಯಾ?”

ತಮಾಷೆಗೆ ಕೇಳಿದರೋ ಏನೋ. ಮಾಡುತ್ತೇನೆ ಎಂದುಬಿಟ್ಟೆ.

ಜೂನ್ 28, ಶನಿವಾರ

ಕೇಜ್ ಮುಗಿಯಿತು. ನಕ್ಷೆಯನ್ನು ಪಾಲಿಟೆಕ್ನಿಕ್ಕಿನ ಮೇಷ್ಟ್ರಿಗೆ ಕಳಿಸಿದ್ದೆ, ಎರಡು ಸಲ ತಿದ್ದಿಸಿದರು. ದಿನಾ ಕೆಲಸ ಮುಗಿದ ಮೇಲೆ ಒಂದು ಗಂಟೆ ವೆಲ್ಡಿಂಗ್. ಬಲಗೈಯಲ್ಲಿ ಮೂರು ಸುಟ್ಟ ಗುಳ್ಳೆ. ವಿಲ್ಸಣ್ಣ ಹೋಗುತ್ತ ಬರುತ್ತ ನೋಡಿದರು. ಒಮ್ಮೆ ಒಂದು ಮೂಲೆಯ ಬೆಸುಗೆಯನ್ನು ಉಗುರಿನಲ್ಲಿ ಕೆರೆದು, “ಇದು ಪುನಃ ಹಾಕು” ಎಂದರು. ಹಾಕಿದೆ. ಸರಿಯಾಗಿಯೇ ಹೇಳಿದ್ದರು.

ಜುಲೈ 9, ಬುಧವಾರ, 11.50

ತಿರುವನಂತಪುರ. ವಿಳಿಂಜಂ ಹತ್ತಿರ ಮಹಿಳೆಯರ ಗುಂಪೊಂದರ ಬಾಳೆ ತೋಟ. ನಸುಕಿನಲ್ಲೇ ಪಿಕಪ್‌ನಲ್ಲಿ ಹೊರಟೆವು — ವಿಲ್ಸಣ್ಣ, ನಾನು, ಹಿಂದೆ ನನ್ನ ಕೇಜ್. ಅವರು ನಮ್ಮಿಂದಲೇ ಕೊಂಡ ಟ್ರೇಲರ್ ಗೊನೆ ತುಂಬಿಕೊಂಡು, ಒಂದು ಚಕ್ರದ ಗಾಳಿ ಇಳಿದು ನಿಂತಿದೆ. ಗುಂಪಿನ ಮುಂದಾಳು ಚಂದ್ರಾವತಿ ಚೇಚಿ — ಚೇಚಿ ಎಂದರೆ ಇಲ್ಲಿ ಅಕ್ಕ. ಸಂಜೆಯೊಳಗೆ ಗೊನೆ ಮಾರ್ಕೆಟ್ ಸೇರಬೇಕು.

ಗೊನೆಗಳನ್ನೆಲ್ಲ ಕೆಳಗಿಳಿಸಿದೆವು. ನೆಲ ಹಸಿ. ಜಾಕಿಯ ಕೆಳಗೆ ದಪ್ಪ ಹಲಗೆ, ಉಳಿದ ಚಕ್ರಗಳಿಗೆ ಉರುಳದಂತೆ ಅಡ್ಡ ಮರದ ತುಂಡು. ಎತ್ತುವ ಮೊದಲೇ ನಟ್ ಸಡಿಲಿಸಿದೆ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್. ಗಾಳಿ ಪೂರ್ತಿ ಇಳಿಸಿ, ವಾಲ್ವ್ ಪಿನ್ ತೆಗೆದು, ಆಮೇಲೇ ರಿಂಗ್ ಬಿಚ್ಚಿದ್ದು. ಪಂಕ್ಚರ್ ಹಾಕಿ ಟಯರ್ ವಾಪಸ್ ಕೂರಿಸಿದೆವು.

“ರಿಂಗ್ ಸರಿ ಉಂಟು,” ವಿಲ್ಸಣ್ಣ ಹೇಳಿದರು. ಕೇಜಿನೊಳಗೆ ಉರುಳಿಸಿದೆ. ಅವರು ಅಭ್ಯಾಸದಂತೆ ಎದುರಿಗೇ ಹೋಗಿ ಕೂತರು.

“ಅಲ್ಲಿಂದ ಏಳಿ ವಿಲ್ಸಣ್ಣ.”

“ಎಷ್ಟು ಸಾವಿರ ಟಯರ್ ಮಾಡಿದ್ದೇನೆ ಗೊತ್ತುಂಟಾ ನಿಂಗೆ?”

“ನೀವು ಅಲ್ಲಿದ್ದರೆ ನಾನು ಗಾಳಿ ತುಂಬುವುದಿಲ್ಲ.”

ತೋಟದವರೆಲ್ಲ ನೋಡುತ್ತಿದ್ದಾರೆ. ವಿಲ್ಸಣ್ಣನ ಮುಖ ಕೆಂಪು. ಕೊನೆಗೆ ಎದ್ದರು. ಬೈಯುತ್ತಲೇ ಎದ್ದರು.

ಗಾಳಿಯ ಉದ್ದದ ರಬ್ಬರ್ ಪೈಪ್ ಹಿಡಿದು ಎಲ್ಲರೂ ಒಂದು ಪಕ್ಕಕ್ಕೆ. ಮೂವತ್ತು ಪೌಂಡ್. ನಲವತ್ತು. ಐವತ್ತು —

ಢಮಾರ್!

ಧೂಳು. ಕಿವಿಯಲ್ಲಿ ಗುಂಯ್. ಯಾರಿಗೂ ಏನೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ! ರಿಂಗ್ ಕೇಜಿನ ಒಳಗೇ ಸಿಕ್ಕಿಕೊಂಡಿದೆ. ಎದುರಿನ ಪೈಪ್ ಬಿಲ್ಲಿನ ಹಾಗೆ ಬಗ್ಗಿದೆ.

ವಿಲ್ಸಣ್ಣ ಬಗ್ಗಿದ ಪೈಪಿನ ಮೇಲೆ ಕೈ ಇಟ್ಟು ನಿಂತರು. ಆಮೇಲೆ ಮೆಲ್ಲಗೆ, “ಸೀದಾ ನನ್ನ ತಲೆಗೆ ಬರ್ತಿತ್ತು.”

ಸಂಜೆ 5.30

ರಿಂಗಿನ ಒಳಮೈಯಲ್ಲಿ ತುಕ್ಕು, ಕೂದಲೆಳೆಯ ಬಿರುಕು. ವಿಲ್ಸಣ್ಣ ನೋಡಲಿಲ್ಲ. ನಾನೂ ಬ್ರಷ್ ಹಾಕಿ ನೋಡಲಿಲ್ಲ, ಅವರ ಮಾತನ್ನು ನಂಬಿದೆ. ಇನ್ನು ಯಾರು ಹೇಳಿದರೂ ನನ್ನ ಕಣ್ಣಿನಿಂದ ನೋಡದೆ ಇಲ್ಲ.

ಬಗ್ಗಿದ ಕೇಜನ್ನು ಮತ್ತೆ ಬಳಸುವಂತಿಲ್ಲ. ಪೇಟೆಯ ಲಾರಿ ವರ್ಕ್‌ಶಾಪಿನಲ್ಲಿ ಕೇಜ್ ಇತ್ತು. ಚಕ್ರ ಅಲ್ಲಿಗೆ ಒಯ್ದು ಹೊಸ ರಿಂಗ್ ಹಾಕಿ ತುಂಬಿಸಿದೆವು. ವಿಲ್ಸಣ್ಣ ಅಲ್ಲಿನವರನ್ನೆಲ್ಲ ತಾವೇ ಕೈ ಬೀಸಿ ದೂರ ಸರಿಸಿದರು. “ಇವಳು ಹೇಳುವವರೆಗೆ ಯಾರೂ ಹತ್ತಿರ ಬರ್ಬೇಡಿ!” — ಕನ್ನಡದಲ್ಲೇ ಕೂಗಿದರು, ಮಲಯಾಳಂ ಮರೆತುಹೋಗಿತ್ತು ಪಾಪ.

ನಾಲ್ಕೂವರೆಗೆ ಗೊನೆ ತುಂಬಿದ ಟ್ರೇಲರ್ ಹೊರಟಿತು. ಹೆಂಗಸರು ಶಿಳ್ಳೆ ಹೊಡೆದರು! ಚಂದ್ರಾವತಿ ಚೇಚಿ ನನ್ನ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡು, ಮಗಳನ್ನು ಕರೆಯುವ ಹಾಗೆ “ಮೋಳೇ, ನಮಗೂ ಕಲಿಸಿಕೊಡು” ಎಂದರು.

ಜುಲೈ 28, ಸೋಮವಾರ

ಟಯರ್ ವಿಭಾಗ ನನಗೆ! ಉಪೇಂದ್ರ ಸರ್ ಪತ್ರ ಕೊಟ್ಟರು. ಹೆಸರು ಸೂಚಿಸಿದ್ದು ವಿಲ್ಸಣ್ಣ ಅಂತೆ. ಹೊಸ ಕೇಜ್‌ಗೆ ಇನ್ನೂ ದಪ್ಪ ಪೈಪ್ ಹುಡುಕಿ ತಂದವರೂ ಅವರೇ. ಅವರ ಬೆಸುಗೆ ನೋಡಬೇಕು. ಅಬ್ಬ, ಆ ಕೈ! ಅವರಿಂದ ಕಲಿಯುವುದು ಇನ್ನೂ ಎಷ್ಟೋ ಇದೆ.

ಮಧ್ಯಾಹ್ನ ಗಿರಾಕಿಯೊಬ್ಬರು, ಕೇಜ್ ಬೇಡ, ಬೇಗ ಆಗಲಿ ಎಂದು ಅವಸರ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ವಿಲ್ಸಣ್ಣ ಕೈ ಅಲ್ಲಾಡಿಸಿಬಿಟ್ಟರು — ಆಗುವುದಿಲ್ಲ.

ಆಗಸ್ಟ್ 2, ಶನಿವಾರ, 11.20

ಬಂದಿದ್ದಾರೆ! ತಿರುವನಂತಪುರದಿಂದ ಬೆಳಗಿನ ಟ್ರೇನಿಗೆ ಬಾಳೆ ತೋಟದ ಹನ್ನೊಂದು ಹೆಂಗಸರು, ಟಯರ್ ಕೆಲಸ ಕಲಿಯಲು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಸಾಲಾಗಿ ನಿಂತರು. ಮೊದಲು ಸ್ಪ್ಯಾನರ್ ಹಿಡಿದದ್ದು ಚಂದ್ರಾವತಿ ಚೇಚಿ. ನಟ್ ಜಗ್ಗಲಿಲ್ಲ. ಇಬ್ಬರು ಸೇರಿದರು, ಜಗ್ಗಿತು. ರಿಂಗನ್ನು ಬ್ರಷ್ ಹಾಕಿ, ಬೆಳಕಿಗೆ ಹಿಡಿದು ಹನ್ನೊಂದು ಜನವೂ ನೋಡಿದರು. ಟಯರ್ ಕೂತಿತು, ಗಾಳಿ ನಿಂತಿತು. ಚಪ್ಪಾಳೆ!

ಚಹಾಕ್ಕೆ ಬಿಟ್ಟಿದ್ದೇನೆ, ಅದಕ್ಕೇ ಬರೆಯಲು ಎರಡು ನಿಮಿಷ. ಆದರೆ ಯಾರೂ ಚಹಾ ಕುಡಿಯುತ್ತಿಲ್ಲ. ಟ್ರ್ಯಾಕ್ಟರಿನ ದೊಡ್ಡ ಹಿಂದಿನ ಚಕ್ರಕ್ಕೆ ಆಗಲೇ ಹಲಗೆ ಹೊತ್ತು ತಂದಾಯಿತು, ಜಾಕಿ ಇಟ್ಟಾಯಿತು, ನನ್ನನ್ನೇ ಕೂಗುತ್ತಿದ್ದಾರೆ, ಅಡ್ಡ ತುಂಡು ಇಟ್ಟರೋ ಇಲ್ಲವೋ ಮೊದಲು ನೋಡಬೇಕು, ಹೊರಟೆ.