ಬ್ರಷ್ ತೊಳೆದ ನೀರು

ಮಾರ್ಚ್ 3, ಸಂಜೆ
ಮೆಡಿಕಲ್ ಶಾಪ್ ಬೋರ್ಡ್ ಎರಡನೇ ಕೋಟ್. ಇನ್ನೂ ಅಂಟಂಟು. ಹಿತ್ತಲಲ್ಲೇ ಕೊಳ, ಅದರ ತೇವ. ಇವಳು, "ಕೊಳ ಮುಚ್ಚಿ ಪಾರ್ಕಿಂಗ್ ಮಾಡ್ತಾರಂತೆ. ನಿಮ್ಮ ಪೇಂಟ್ ಬೇಗ ಒಣಗುತ್ತೆ ಬಿಡಿ" ಅಂದಳು. ನಗು ಬರಲಿಲ್ಲ.

ಮಾರ್ಚ್ 9
ಕೊಳ ಉಳಿಸೋಕೆ ಓಡಾಡ್ತಿರೋ ಟೀಚರಮ್ಮ ಬಂದಿದ್ರು. ಕೊಳದ ಗೋಡೆ ಮೇಲೆ ಚಿತ್ರ ಬೇಕಂತೆ, ಜನ ನಿಂತು ನೋಡೋ ಹಾಗೆ. ಅಕ್ಷರ ಬರೆಯೋ ಕೈ ನಂದು... ಕಪ್ಪೆ ಹೋಗಿ ಆಲೂಗಡ್ಡೆ ಆಯ್ತು. ಪಕ್ಕದ ಲಾಂಡ್ರಿ ಅಣ್ಣ ಬಿದ್ದು ಬಿದ್ದು ನಕ್ಕ. "ನಾಲ್ಕು ಕಾಲು ಅಂಟಿಸು ಮಾರಾಯ, ಎದ್ದು ಹೋಗುತ್ತೆ." ಮಿಂಚುಳ್ಳಿ ಮಾತ್ರ ಚೆನ್ನಾಗಿ ಬಂತು.

ಮಾರ್ಚ್ 21
ಗೋಡೆ ನೋಡೋಕೆ ಬಂದವರೆಲ್ಲ ಕೊಳ ಮುಚ್ಚಬಾರದು ಅನ್ನೋ ಟೀಚರಮ್ಮನ ಅರ್ಜಿಗೆ ಸೈನ್ ಹಾಕಿದ್ರು. ಮಣ್ಣಿನ ಲಾರಿ ವಾಪಸ್!

ಏಪ್ರಿಲ್ 6
ತಾಲೂಕು ಆಫೀಸಲ್ಲಿ ಕೊಳದ ವಿಚಾರಣೆ. ಪಾರ್ಕಿಂಗ್ ಮಾಡೋರ ವಕೀಲ, "ಅದು ಮಳೆಗಾಲದ ಗುಂಡಿ ಸಾರ್. ಹತ್ತು ವರ್ಷದಿಂದ ಬೇಸಿಗೇಲಿ ನೀರೇ ಇಲ್ಲ" ಅಂದ. ಹಸೀ ಸುಳ್ಳು. ಸಾಹೇಬ್ರು ಒಳ್ಳೆಯವರೇ. "ಚಿತ್ರ ಚೆನ್ನಾಗಿದೆಮ್ಮ. ಆದ್ರೆ ಬೇಸಿಗೇಲೂ ನೀರಿತ್ತು ಅಂತ ಆಯಾ ದಿನಾನೇ ಬರೆದಿಟ್ಟಿದ್ದು ಏನಾದ್ರೂ ಇದ್ರೆ ಹದಿನೈದನೇ ತಾರೀಖಿನೊಳಗೆ ತನ್ನಿ." ಟೀಚರಮ್ಮ ಸಪ್ಪಗಾದ್ರು. ನನಗೆ ಟ್ರಂಕಲ್ಲಿರೋ ಡೈರಿ ನೆನಪಾಯ್ತು.

ಏಪ್ರಿಲ್ 7
ಟ್ರಂಕಿಂದ ಹಳೇ ಡೈರಿ ತೆಗೆದೆ. ಹತ್ತು. ಪೇಂಟ್ ಒಣಗೋ ಅಂದಾಜಿಗೆ ದಿನಾ ಬರೀತಿದ್ದೆ — ಬಿಸಿಲು, ಗಾಳಿ, ಕೊಳದ ನೀರು ಎಷ್ಟನೇ ಮೆಟ್ಟಿಲಿಗೆ. ಮೇ ತಿಂಗಳಲ್ಲೂ ನೀರಿದೆ. ಅದರ ಕೆಳಗೇ ಪ್ರತಿ ಪುಟದಲ್ಲೂ: 'ಬ್ರಷ್ ಕೊಳದಲ್ಲಿ ತೊಳೆದೆ. ಉಳಿದ ಥಿನ್ನರ್ ಅಲ್ಲೇ ಚೆಲ್ಲಿದೆ.'
ಆರು ವರ್ಷದ ಹಿಂದೆ ಮೀನು ಸತ್ತು ತೇಲಿದಾಗ ಬೀದಿಗೆ ಬೀದಿಯೇ ಲಾಂಡ್ರಿ ಅಣ್ಣನ ಸೋಪೇ ಕಾರಣ ಅಂತು. ಪಾಪ, ಬೈಸಿಕೊಂಡು ಒಗೆಯೋದನ್ನೇ ಬಿಟ್ಟ. ಈಗ ಬರೀ ಇಸ್ತ್ರಿ. ಅದರ ಹಿಂದಿನ ದಿನ ನಾನು ಅರ್ಧ ಡಬ್ಬ ಥಿನ್ನರ್ ಚೆಲ್ಲಿದ್ದೆ. ಬರೆದಿದೆ. ಎಲ್ಲರ ಜೊತೆ ನಾನೂ ಹೂಂಗುಟ್ಟಿದ್ದೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 12
ಇವಳು, "ಆ ಪುಟ ಹರಿದಿಟ್ಟು ಉಳಿದಿದ್ದು ಕೊಡಿ" ಅಂದಳು. ಹರಿದರೆ ವಕೀಲ ಅದನ್ನೇ ಹಿಡ್ಕೊಂಡು ಎಲ್ಲಾ ಸುಳ್ಳು ಅಂತಾನೆ. ಕೊಳ ಹೋಯ್ತು. ಹರಿಯದಿದ್ದರೆ ಬೀದಿಗೆಲ್ಲ ಗೊತ್ತಾಗುತ್ತೆ. ಅದಕ್ಕೆ ಮೊದಲು ಅಣ್ಣನಿಗೆ ನಾನೇ ಹೇಳಬೇಕು. ಮೂರು ಸಲ ಹೋದೆ. ಮೂರು ಸಲವೂ ಇಸ್ತ್ರಿಗೆ ಶರ್ಟ್ ಕೊಟ್ಟು ಬಂದೆ. ಹಾಕ್ಕೊಳ್ಳೋಕೆ ಶರ್ಟೇ ಇಲ್ಲ ಈಗ.

ಏಪ್ರಿಲ್ 15, ಬೆಳಗ್ಗೆ 9
ಬಾಯಲ್ಲಿ ಹೇಳೋಕಾಗಲಿಲ್ಲ. ಅಣ್ಣನನ್ನ ಕರೆದು ಡೈರಿಯ ಆ ಪುಟ ತೆರೆದು ಕೈಗಿಟ್ಟೆ. ಎದುರಿಗೇ ಕೂತು ಓದ್ತಿದ್ದಾನೆ. ಮುಖ ನೋಡೋ ಧೈರ್ಯ ಇಲ್ಲ, ಅದಕ್ಕೇ ಬರೀತಿದ್ದೀನಿ.
ಮುಗಿಸಿದ. ಮತ್ತೆ ಮೊದಲಿಂದ ಓದಿದ. ಬೈದಿದ್ರೆ ಚೆನ್ನಾಗಿತ್ತು.
ಎದ್ದ. ಹತ್ತೂ ಡೈರಿ ತಾನೇ ಚೀಲಕ್ಕೆ ತುಂಬಿದ. "ನಡಿ, ಮೊದಲು ಆಫೀಸು. ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ" ಅಂದ. ಬಾಗಿಲಲ್ಲಿ ನಿಂತಿದ್ದಾನೆ. ಈಗ ಬರೀತಿರೋದಕ್ಕೂ ಕೈ ಚಾಚ್ತಿದ್ದಾನೆ, "ಅದನ್ನೂ ತಾ" ಅಂತ. ಕೊಡಬೇಕು... ಒಂದೇ ಒಂದು ಸಾಲು ಅಣ್ಣ, ತಡಿ —